ಅಟ್ಟದಿಂದ ಇಳಿದ ಫ್ಯಾಮಿಕಾಮ್

ನಮ್ಮ ಸುರತ್ಕಲ್ ಮನೆಯ ಅಟ್ಟದಲ್ಲಿ ಒಂದು ಜಪಾನಿ ವಿಡಿಯೋ ಗೇಮ್ ಇತ್ತು, ನಿಂಟೆಂಡೋ ಕಂಪನಿಯ ಫ್ಯಾಮಿಕಾಮ್. ಅದನ್ನು ಆಡಿದವರು ಯಾರೂ ಇಲ್ಲ. ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸಕ್ಕಿದ್ದ ಮಾವ 1989ರಲ್ಲಿ ಯೊಕೊಹಾಮಾದಿಂದ ತಂದದ್ದು. ಅದರ ಪ್ಲಗ್ಗಿಗೆ ಚಪ್ಪಟೆ ಕಾಲು, ನಮ್ಮ ಗೋಡೆಯಲ್ಲಿ ಗುಂಡು ತೂತು. ಮಾವ ಜಾಣರು, ನಡುವೆ ಹಾಕುವ ಪಿನ್ ಕೂಡ ತಂದಿದ್ದರು. ಪಿನ್ ಹೊಂದಿತು, ಕರೆಂಟ್ ಹೊಂದಲಿಲ್ಲ. ಎರಡು ನಿಮಿಷದಲ್ಲಿ ಮನೆಯೆಲ್ಲ ಸುಟ್ಟ ವಾಸನೆ. ಅಮ್ಮ ಓಡಿ ಬಂದು ಮೇನ್ ಸ್ವಿಚ್ಚನ್ನೇ ಆರಿಸಿದರು. ಅಲ್ಲಿಗೆ ಗೇಮ್ ಸತ್ತಿತು ಅಂತ ತೀರ್ಮಾನವಾಗಿ ಪೆಟ್ಟಿಗೆ ಅಟ್ಟ ಸೇರಿತು.

ಅದರ ಜೊತೆ ಬಂದ ಎರಡು ಗೇಮ್ ಕ್ಯಾಸೆಟ್ ಮಾತ್ರ ಕೆಳಗೆ ಉಳಿದವು. 1994ರಲ್ಲಿ ಅಪ್ಪ ಮಂಗಳೂರಿನ ಹಂಪನಕಟ್ಟೆಯಿಂದ ಹೆಸರಿಲ್ಲದ ಒಂದು ಟಿವಿ ಗೇಮ್ ತಂದರು. ಡಬ್ಬದ ಮೇಲೆ 9999 ಗೇಮ್ ಅಂತ ಬರೆದದ್ದು, ಒಳಗೆ ಬೇರೆ ಬೇರೆ ಇದ್ದದ್ದು ಹತ್ತೋ ಹನ್ನೆರಡೋ. ಮಾವನ ಕ್ಯಾಸೆಟ್ ಅದಕ್ಕೆ ಸರಿಯಾಗಿ ಕೂತಿತು. ಆಗ ನಮಗೆ ಅದು ಪವಾಡ. ಈಗ ಗೊತ್ತು, ಆ ನಕಲಿ ಗೇಮ್‌ಗಳೆಲ್ಲ ಫ್ಯಾಮಿಕಾಮ್‌ನದ್ದೇ ಕಾಪಿ, ಅದೇ 60 ಪಿನ್. ಫ್ಯಾಮಿಕಾಮ್ ಅನ್ನೇ ಬೇರೆ ರೂಪದಲ್ಲಿ ಅಮೆರಿಕದಲ್ಲಿ ಮಾರಿದ ಎನ್‌ಇಎಸ್‌ಗೆ 72 ಪಿನ್, ಅದರ ಕ್ಯಾಸೆಟ್ ಆಗಿದ್ದರೆ ಕೂರುತ್ತಿರಲಿಲ್ಲ. ಅಂದ ಹಾಗೆ ಕ್ಯಾಸೆಟ್ ಅನ್ನುವುದು ನಮ್ಮ ಹಳ್ಳಿ ಮಾತು ಅಂದುಕೊಂಡಿದ್ದೆ. ಜಪಾನಿನವರೂ ಅದನ್ನು ‘ಕಸೆಟ್ಟೊ’ ಅಂತಲೇ ಹೇಳುವುದು.

ಈ ಆಟಿ ತಿಂಗಳಲ್ಲಿ ಮಳೆ ಬಿಡದೆ ಹೊಯ್ಯುತ್ತಿದ್ದಾಗ, ಹಂಚು ಸೋರುವುದನ್ನು ನೋಡಲು ಅಟ್ಟ ಹತ್ತಿದೆ. ಪೆಟ್ಟಿಗೆ ಕೈಗೆ ಸಿಕ್ಕಿತು.

ಶನಿವಾರ

ಪೆಟ್ಟಿಗೆಯ ರಟ್ಟು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಒಳಗಿನ ಯಂತ್ರಕ್ಕೆ ಏನೂ ಆಗಿಲ್ಲ. ಬಿಳಿ ಈಗ ತುಪ್ಪದ ಬಣ್ಣ, ಕೆಂಪು ಹಾಗೇ ಉಂಟು. ಎರಡು ಕಂಟ್ರೋಲರ್ ಎಡಕ್ಕೂ ಬಲಕ್ಕೂ ಇರುವ ಗೂಡಿನಲ್ಲಿ ನೆಟ್ಟಗೆ ನಿಂತಿವೆ. ಅವುಗಳ ವೈರು ಯಂತ್ರದ ಒಳಗಿನಿಂದಲೇ ಬರುತ್ತದೆ, ಬಿಚ್ಚಿ ತೆಗೆಯಲು ಬರುವುದಿಲ್ಲ. ಮುಂದುಗಡೆ 15 ಪಿನ್ನಿನ ಒಂದು ತೂತು ಉಂಟು. ಅದರ ಮುಚ್ಚಳ ಎಲ್ಲೋ ಕಳೆದುಹೋಗಿದೆ. ಆ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಹಳೆಯ ಟೂತ್‌ಬ್ರಷ್, ಬೆಂಕಿಕಡ್ಡಿ, ಅರ್ಧ ಗಂಟೆ.

ಮಾವ ಈಗ ರಿಟೈರ್ ಆಗಿ ಕುಳಾಯಿಯಲ್ಲಿದ್ದಾರೆ. ಸುದ್ದಿ ಕೇಳಿ ಕೊಡೆ ಹಿಡಿದು ಬಂದೇ ಬಿಟ್ಟರು. ಜಗಲಿಯಲ್ಲಿ ಕೂತು ಹೇಳಿದರು:

‘ಎಂತ ಮಾರಾಯ್ತಿ, ಸತ್ತದ್ದನ್ನು ಯಾಕೆ ಎಬ್ಬಿಸುವುದು?’

‘ಸತ್ತದ್ದು ಅಂತ ನೋಡಿದವರು ಯಾರು ಮಾವ?’

ಮಾತು ಸುಮ್ನೆ ಬಾಯಿಗೆ ಬಂದದ್ದು. ಆದರೆ ನಿಜವಾಗಿ ಯಾರೂ ನೋಡಿರಲಿಲ್ಲ. ವಾಸನೆ ಬಂತು, ಪೆಟ್ಟಿಗೆ ಮುಚ್ಚಿದರು. ಅಷ್ಟೇ.

ಮೊದಲು ಅಡಾಪ್ಟರ್. ಅದರ ಮೇಲೆಯೇ ಅಚ್ಚಾಗಿದೆ: 100 ವೋಲ್ಟ್, 50/60 ಹರ್ಟ್ಸ್. ಜಪಾನಿನಲ್ಲಿ ಪೂರ್ವಕ್ಕೆ 50, ಪಶ್ಚಿಮಕ್ಕೆ 60 ಹರ್ಟ್ಸ್. ವೋಲ್ಟೇಜ್ ಮಾತ್ರ ಎರಡೂ ಕಡೆ 100. ನಮ್ಮದು 230. ಮಲ್ಟಿಮೀಟರಿನ ಕಡ್ಡಿಯನ್ನು ಪ್ಲಗ್ಗಿನ ಎರಡು ಕಾಲಿಗೆ ಇಟ್ಟೆ. ಒಳಗಿನ ಸುರುಳಿ ಸರಿ ಇದ್ದರೆ ಏನಾದರೂ ಒಂದು ಓಮ್ಸ್ ತೋರಿಸಬೇಕು. ಏನೂ ಇಲ್ಲ. ಸುರುಳಿ ಸುಟ್ಟು ತುಂಡಾಗಿದೆ. ವಾಸನೆ ಬಂದದ್ದು ಇಲ್ಲಿಂದ.

ಹಾಗಾದರೆ ಯಂತ್ರಕ್ಕೆ ಏನಾಗಿರಬಹುದು? ಅಡಾಪ್ಟರ್ ಕೊಡಬೇಕಾದ್ದು 10 ವೋಲ್ಟ್ ಡಿಸಿ. 230ಕ್ಕೆ ಹಾಕಿದರೆ ಅದರ 2.3 ಪಟ್ಟು, ಅಂದರೆ 23ರ ಆಸುಪಾಸು ಅಥವಾ ಇನ್ನೂ ಜಾಸ್ತಿ. ಯಂತ್ರದ ಬಾಗಿಲಲ್ಲೇ 7805 ಅನ್ನುವ ರೆಗ್ಯುಲೇಟರ್ ಕೂತಿರುತ್ತದೆ. ಬಂದದ್ದನ್ನೆಲ್ಲ 5 ವೋಲ್ಟಿಗೆ ಇಳಿಸಿ ಒಳಗೆ ಬಿಡುವುದು ಅದರ ಕೆಲಸ. 35 ವೋಲ್ಟ್ ತನಕ ಅದು ತಡೆಯುತ್ತದೆ. ಬಿಸಿ ಜಾಸ್ತಿಯಾದರೆ ತಾನಾಗಿ ಕೆಲಸ ನಿಲ್ಲಿಸುತ್ತದೆ. ಇಷ್ಟು ಲೆಕ್ಕ ಹಾಕುವಾಗ ನನ್ನ ಎದೆ ಸ್ವಲ್ಪ ಹೊಡೆದುಕೊಂಡಿತು ಅಂತ ಒಪ್ಪಿಕೊಳ್ಳುತ್ತೇನೆ.

ಅಡಿಯ ಸ್ಕ್ರೂಗಳು ಸಾಮಾನ್ಯ ಪ್ಲಸ್ ಸ್ಕ್ರೂ. ಆದರೆ ನಮ್ಮ ಉಪ್ಪು ಗಾಳಿಗೆ ತಲೆಯೆಲ್ಲ ತುಕ್ಕು. ಮಾವ ತೆಂಗಿನೆಣ್ಣೆ ಬಿಡು ಅಂದರು. ಬೇಡ, ಅದು ಆಮೇಲೆ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಬಿಟ್ಟು ರಾತ್ರಿ ಹಾಗೇ ಇಟ್ಟೆ.

ಭಾನುವಾರ

ಮುಚ್ಚಳ ತೆರೆದಾಗ ಮೊದಲು ಕಂಡದ್ದು ಒಂದು ಕೆಪಾಸಿಟರ್, ಕರೆಂಟ್ ಹಿಡಿದಿಟ್ಟು ಕೊಡುವ ಡಬ್ಬಿ. ರೆಗ್ಯುಲೇಟರ್ ಪಕ್ಕದ ದೊಡ್ಡದು. ತಲೆ ಉಬ್ಬಿ, ಬುಡದಲ್ಲಿ ಕಂದು ಬಣ್ಣದ ಅಂಟು ಇಳಿದಿದೆ. ಆ ಸಂಜೆಯ ಪೆಟ್ಟನ್ನೆಲ್ಲ ಅದೇ ತಿಂದಿರಬೇಕು. ಉಳಿದ ಬೋರ್ಡು ಹೊಸದರ ಹಾಗೆ ಉಂಟು ಮಾರಾಯ್ರೆ. ಇರಬೇಡವೇ, ಅದು ಬದುಕಿದ್ದೇ ಎರಡು ನಿಮಿಷ! ಎರಡು ದೊಡ್ಡ ಚಿಪ್ ಅಕ್ಕಪಕ್ಕ ಕೂತಿವೆ. ಒಂದು ಲೆಕ್ಕ ಮಾಡುವುದು, ಸಿಪಿಯು. ಇನ್ನೊಂದು ಚಿತ್ರ ಬಿಡಿಸುವುದು, ಪಿಪಿಯು.

ಕೆಪಾಸಿಟರ್ ಕಿತ್ತು, ಬುಡ ಒರೆಸಿ, ಅದೇ ಮೌಲ್ಯದ, ವೋಲ್ಟೇಜ್ ಮಾತ್ರ ಸ್ವಲ್ಪ ಜಾಸ್ತಿ ತಡೆಯುವ ಹೊಸದು ಹಾಕಿದೆ. ಹತ್ತು ನಿಮಿಷದ ಕೆಲಸ. ಕ್ಯಾಸೆಟ್ ಕೂರುವ ಕನೆಕ್ಟರಿನಲ್ಲಿ ಹಸಿರು ಕಿಲುಬು ಇತ್ತು. ಅದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆ. ಕ್ಯಾಸೆಟ್ಟಿನ ಪಿನ್ನಿಗೆ ಮೊದಲು ಶಾಲೆಯ ರಬ್ಬರ್, ಆಮೇಲೆ ಆಲ್ಕೋಹಾಲ್. ನಾವು ಸಣ್ಣವರಿದ್ದಾಗ ಫೂ ಅಂತ ಊದುತ್ತಿದ್ದೆವಲ್ಲ, ಅದು ಬರೀ ಉಗುಳಿನ ತೇವ. ತೆಗೆದು ಮತ್ತೆ ಹಾಕಿದ್ದಕ್ಕೇ ಅದು ಓಡುತ್ತಿದ್ದದ್ದು, ಊದಿದ್ದಕ್ಕಲ್ಲ.

ಹೊಸ ಅಡಾಪ್ಟರ್ ವಿಷಯದಲ್ಲಿ ಒಂದು ಎಚ್ಚರ ಬೇಕು. ನಮ್ಮಲ್ಲಿ ರೌಟರಿಗೆಲ್ಲ ಬರುವ ಅಡಾಪ್ಟರಿನಲ್ಲಿ ಪಿನ್ನಿನ ನಡು ಪ್ಲಸ್, ಹೊರಗೆ ಮೈನಸ್. ಫ್ಯಾಮಿಕಾಮ್‌ಗೆ ಅದು ಉಲ್ಟಾ. ನಡುವೆ ಮೈನಸ್. ನೋಡದೆ ಹಾಕಿದರೆ ಎರಡನೇ ಸಲ ಸುಡುವ ಪುಣ್ಯ ನನ್ನದಾಗುತ್ತಿತ್ತು. 9 ವೋಲ್ಟ್, 1 ಆಂಪಿಯರಿನ ಒಂದನ್ನು ಹಿಡಿದು, ವೈರು ಕತ್ತರಿಸಿ, ಅದಲು ಬದಲು ಮಾಡಿ ಸೋಲ್ಡರ್ ಮಾಡಿದೆ. 12 ವೋಲ್ಟ್ ಆಗುವುದಿಲ್ಲವಾ ಅಂದರೆ ಆಗುತ್ತದೆ. ಆದರೆ ಯಂತ್ರ ಅರ್ಧ ಆಂಪಿಯರ್ ಎಳೆದರೆ 12ರಿಂದ 5ಕ್ಕೆ ಇಳಿಸುವಾಗ ಮೂರೂವರೆ ವ್ಯಾಟ್ ಬರೀ ಬಿಸಿ. 9ರಿಂದ ಇಳಿಸಿದರೆ ಎರಡೇ ವ್ಯಾಟ್. ಮುದಿ ರೆಗ್ಯುಲೇಟರ್, ಪಾಪ.

ಸ್ವಿಚ್ ಮುಂದಕ್ಕೆ ತಳ್ಳಿದೆ. ಹೊಗೆ ಇಲ್ಲ. ಮೀಟರ್ 4.98 ವೋಲ್ಟ್ ತೋರಿಸಿತು.

‘ಅಂದರೆ?’ ಮಾವ ಕೇಳಿದರು.

‘ಅಂದರೆ ಸುಟ್ಟದ್ದು ಅಡಾಪ್ಟರ್ ಮಾತ್ರ.’

ಅವರು ಏನೂ ಹೇಳಲಿಲ್ಲ. ಎದ್ದು ಹೋಗಿ ಅಂಗಳದ ಮಳೆ ನೋಡುತ್ತಾ ನಿಂತರು. ಸ್ವಲ್ಪ ಹೊತ್ತಾದ ಮೇಲೆ, ‘ಮೂವತ್ತೈದು ವರ್ಷ ನಿನ್ನ ಅಮ್ಮನ ಹತ್ತಿರ ಬೈಸಿಕೊಂಡೆ’ ಅಂದರು.

ರೇಡಿಯೋ

ಬದುಕಿದೆ ಸರಿ, ಚಿತ್ರ ಎಲ್ಲಿ? ಈ ಯಂತ್ರಕ್ಕೆ ಆಂಟೆನಾ ದಾರಿ ಬಿಟ್ಟರೆ ಬೇರೆ ದಾರಿ ಇಲ್ಲ. ಹಿಂದುಗಡೆ ಒಂದು ಸಣ್ಣ ಸ್ವಿಚ್ ಉಂಟು, ಜಪಾನಿನ ಚಾನೆಲ್ 1 ಅಥವಾ 2. ಅವು 90 ಮೆಗಾಹರ್ಟ್ಸ್‌ನಿಂದ ಮೇಲೆ ಶುರುವಾಗುತ್ತವೆ. ನಮ್ಮ ದೂರದರ್ಶನದ ಕೆಳಗಿನ ಚಾನೆಲ್‌ಗಳು 68ಕ್ಕೆ ಮುಗಿದು, ಮುಂದಿನವು 174ಕ್ಕೆ ಶುರುವಾಗುತ್ತಿದ್ದವು. ಇದು ಸರಿಯಾಗಿ ಆ ನಡುವಿನ ಖಾಲಿ ಜಾಗದಲ್ಲಿ ಕೂತಿದೆ. ಅಂದರೆ 1989ರಲ್ಲಿ ಮಾವ ಸರಿಯಾದ ವೋಲ್ಟೇಜೇ ಕೊಟ್ಟಿದ್ದರೂ ನಮ್ಮ ಹಳೇ ಟಿವಿಯಲ್ಲಿ ಮಳೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ!

ಆದರೆ 90ರ ಮೇಲೆ ನಮ್ಮಲ್ಲಿ ಎಂತ ಉಂಟು? ಎಫ್ಎಂ. ಚಾನೆಲ್ 1ರ ಚಿತ್ರ 91.25ರಲ್ಲಿ. ಧ್ವನಿ ಅದಕ್ಕಿಂತ 4.5 ಮೆಗಾಹರ್ಟ್ಸ್ ಮೇಲೆ, ಅಂದರೆ 95.75. ಆ ಧ್ವನಿ ಕಳಿಸುವುದೂ ಎಫ್ಎಂ ಕ್ರಮದಲ್ಲೇ. ಅಮ್ಮನ ಅಡುಗೆಮನೆ ರೇಡಿಯೋ ತಂದೆ. ಯಂತ್ರದ ಹಿಂದಿನ ತೂತಿಗೆ ಒಂದು ಗೇಣು ವೈರು ಸಿಕ್ಕಿಸಿ ರೇಡಿಯೋದ ಆಂಟೆನಾಕ್ಕೆ ಸುತ್ತಿದೆ. 1985ರ ಸೂಪರ್ ಮಾರಿಯೋ ಕ್ಯಾಸೆಟ್ ಹಾಕಿ ಸ್ವಿಚ್ ಒತ್ತಿದೆ. ಮುಳ್ಳು ಮೆಲ್ಲ ತಿರುಗಿಸಿದೆ. 93.5 ದಾಟಿತು. 95. ಒಂದು ಕಡೆ ಬಂದಾಗ ಗೊರಗೊರ ಸದ್ದು ತಟ್ಟನೆ ನಿಂತಿತು. ಖಾಲಿ. ಹಾಡಿಲ್ಲ.

ಕೈಬಿಡುವ ಹಂತಕ್ಕೆ ಬಂದಿದ್ದೆ. ಆಮೇಲೆ ನೆನಪಾಯಿತು, ಮಾರಿಯೋದ ಮೊದಲ ಪರದೆಗೆ ಸಂಗೀತವೇ ಇಲ್ಲ! ಕಂಟ್ರೋಲರಿನ ಸ್ಟಾರ್ಟ್ ಒತ್ತಿದೆ. ಎರಡು ಸೆಕೆಂಡು ಬಿಟ್ಟು ಅಮ್ಮನ ರೇಡಿಯೋದಿಂದ ಆ ಹಾಡು ಬಂತು.

ಆದರೆ ಏನೋ ಅವಸರ. ನಮ್ಮ ನೆನಪಿನ ಹಾಡಿಗಿಂತ ವೇಗ. ಕೆಟ್ಟಿದೆಯೋ ಅಂದುಕೊಂಡೆ. ಕೆಟ್ಟದ್ದಲ್ಲ, ಜಪಾನಿ ಯಂತ್ರ ಸೆಕೆಂಡಿಗೆ 60 ಸಲ ಚಿತ್ರ ಬಿಡಿಸುತ್ತದೆ, ಹಾಡೂ ಅದೇ ತಾಳಕ್ಕೆ ಓಡುತ್ತದೆ. ಹಂಪನಕಟ್ಟೆಯ ನಮ್ಮ ನಕಲಿ ನಮ್ಮ ಟಿವಿಗೆ ಹೊಂದಬೇಕಾಗಿ 50 ಸಲ ಬಿಡಿಸುತ್ತಿತ್ತು. ಆರರಲ್ಲಿ ಒಂದು ಪಾಲು ನಿಧಾನ. ನಾವು ಇಡೀ ಬಾಲ್ಯ ಮಾರಿಯೋವನ್ನು ವಿಳಂಬ ಕಾಲದಲ್ಲೇ ಕೇಳಿದವರು.

ಎರಡನೇ ಕಂಟ್ರೋಲರಿಗೆ ಸ್ಟಾರ್ಟ್ ಬಟನ್ ಇಲ್ಲ. ಆ ಜಾಗದಲ್ಲಿ ಒಂದು ಸಣ್ಣ ಮೈಕ್ ಉಂಟು, ಪಕ್ಕದಲ್ಲಿ ಧ್ವನಿ ಏರಿಸಲು ಜಾರುವ ಗುಂಡಿ. ಆ ಮೈಕಿನಲ್ಲಿ ಮಾತಾಡಿದರೆ ಆಟದ ಸದ್ದಿನ ಜೊತೆ ಸೇರಿ ಹೊರಗೆ ಬರುತ್ತದೆ. ಮಾವನ ಕೈಗೆ ಕೊಟ್ಟೆ. ಅವರು ಅದನ್ನು ಬಾಯಿಯ ಹತ್ತಿರ ಹಿಡಿದು ಹಡಗಿನ ಗಂಟಲಿನಲ್ಲಿ, ‘ಹಲೋ, ಹಲೋ, ಕೇಳ್ತದಾ?’ ಅಂದರು. ಅಡುಗೆಮನೆಯ ರೇಡಿಯೋದಲ್ಲಿ ಮಾವನ ಸ್ವರ, ಹಿಂದೆ ಮಾರಿಯೋ ಹಾಡು. ಅಮ್ಮ ಪತ್ರೊಡೆ ಬೇಯಲು ಇಟ್ಟು ಬಂದವರು ಬಾಗಿಲಲ್ಲೇ ನಿಂತು ನಕ್ಕದ್ದು ನಕ್ಕದ್ದೇ.

ವಾರದ ನಡುವೆ

ಚಿತ್ರಕ್ಕೆ ಬೇರೆ ದಾರಿ ಮಾಡಬೇಕು. ಪಿಪಿಯು ಚಿಪ್ಪಿನ 21ನೇ ಕಾಲಿನಲ್ಲಿ ಪೂರ್ತಿ ಚಿತ್ರದ ಸಿಗ್ನಲ್ ಸಿಗುತ್ತದೆ. ಆದರೆ ದುರ್ಬಲ. ನೇರ ಟಿವಿಗೆ ಕೊಟ್ಟರೆ ಕಪ್ಪು. ನಡುವೆ ಒಂದು ಪಿಎನ್‌ಪಿ ಟ್ರಾನ್ಸಿಸ್ಟರ್, ಒಂದೆರಡು ರೆಸಿಸ್ಟರ್, ಒಂದು 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕು. ಆಮೇಲೆ ಸಾಮಾನ್ಯ ಎವಿ ಕೇಬಲ್. ಧ್ವನಿಯನ್ನು ಕ್ಯಾಸೆಟ್ ಕನೆಕ್ಟರಿನ 46ನೇ ಪಿನ್ನಿನಿಂದ ಎಳೆಯಬೇಕು. ಇದೊಂದು ಚಂದದ ವಿಷಯ. ಫ್ಯಾಮಿಕಾಮ್ ತನ್ನ ಧ್ವನಿಯನ್ನು 45ನೇ ಪಿನ್ನಿನಲ್ಲಿ ಕ್ಯಾಸೆಟ್ಟಿಗೆ ಕಳಿಸಿ, 46ರಲ್ಲಿ ವಾಪಸ್ ತೆಗೆದುಕೊಳ್ಳುತ್ತದೆ. ಸಾಮಾನ್ಯ ಕ್ಯಾಸೆಟ್ ಎರಡನ್ನೂ ಬರೀ ಜೋಡಿಸಿ ಬಿಡುತ್ತದೆ. ಕೊನಾಮಿಯಂಥ ಗೇಮ್ ಕಂಪನಿಯವರು ಆ ದಾರಿಯಲ್ಲಿ ತಮ್ಮದೇ ಚಿಪ್ ಇಟ್ಟು ವಾದ್ಯ ಸೇರಿಸುತ್ತಿದ್ದರು.

ಸ್ಟೇಟ್‌ಬ್ಯಾಂಕ್ ಬಸ್ಸು ಹಿಡಿದು ಹೋಗಿ ಬಿಡಿಭಾಗದ ಅಂಗಡಿಯಲ್ಲಿ 2ಎನ್3906 ಅನ್ನುವ ಟ್ರಾನ್ಸಿಸ್ಟರ್ ಕೇಳಿದೆ. ಇಲ್ಲ. ‘ಬಿಸಿ557 ಕೊಂಡುಹೋಗಿ, ಅದೂ ಅದೇ’ ಅಂದರು. ಸರಿ ಅಂತ ತಂದು ನಕ್ಷೆಯಲ್ಲಿದ್ದ ಹಾಗೇ ಕೂರಿಸಿದೆ.

ಟಿವಿಗಾಗಿ ಆಚಾರ್ರ ಮನೆಗೆ ಹೋದೆ. ಊರಿನ ಟಿವಿಯೆಲ್ಲ ಒಂದು ಕಾಲದಲ್ಲಿ ರಿಪೇರಿ ಮಾಡುತ್ತಿದ್ದವರು, ಈಗ ಅಂಗಡಿ ಮುಚ್ಚಿದ್ದಾರೆ. ಅವರಲ್ಲಿ 21 ಇಂಚಿನ ಗಾಜಿನ ಟಿವಿ ಒಂದು ಉಳಿದಿದೆ, ಪಾಲ್ ಮತ್ತು ಎನ್‌ಟಿಎಸ್‌ಸಿ ಅನ್ನುವ ಎರಡೂ ಟಿವಿ ಪದ್ಧತಿ ಬರುವಂಥದ್ದು. ಜಪಾನಿನದ್ದು ಎನ್‌ಟಿಎಸ್‌ಸಿ, ಹಾಗಾಗಿ ಅದು ಬೇಕೇ ಬೇಕು. ಹಾಕಿದೆವು. ಚಿತ್ರ ಬಂತು. ಆದರೆ ಮುಸ್ಸಂಜೆಯಲ್ಲಿ ನೋಡಿದ ಹಾಗೆ ಮಂಕು, ಅಂಚೆಲ್ಲ ಒರೆಸಿದ ಹಾಗೆ. ಮಾರಿಯೋ ಇದ್ದಾನೆ, ಅವನ ಮೀಸೆ ಇಲ್ಲ.

ಚಿಪ್ಪೇ ಸತ್ತಿದೆಯೋ ಏನೋ ಅಂತ ನಾನು ಹೆದರಿದೆ. ಆಚಾರ್ರು ಕನ್ನಡಕ ಏರಿಸಿ ಬೋರ್ಡ್ ನೋಡಿದರು.

‘ಇದು ಯಾವ ಟ್ರಾನ್ಸಿಸ್ಟರ್?’

‘ಬಿಸಿ557, ಆಚಾರ್ರೆ.’

‘ನಕ್ಷೆ ಯಾವುದರದ್ದು?’

‘3906ರದ್ದು.’

‘ತಿರುಗಿಸಿ ಹಾಕು ಮಗಾ.’

ಎರಡೂ ಪಿಎನ್‌ಪಿ, ಎರಡರ ಮೈಯೂ ಒಂದೇ ಥರ, ನಡುವಿನ ಕಾಲು ಎರಡರಲ್ಲೂ ಬೇಸ್. ಆದರೆ ಅಮೆರಿಕದ 3906ರಲ್ಲಿ ಎಮಿಟರ್ ಇರುವ ಕಡೆ ಯುರೋಪಿನ 557ರಲ್ಲಿ ಕಲೆಕ್ಟರ್. ಉಲ್ಟಾ ಹಾಕಿದರೂ ಸ್ವಲ್ಪ ಕೆಲಸ ಮಾಡುತ್ತದೆ. ಅದೇ ತೊಂದರೆ. ಪೂರ್ತಿ ನಿಂತುಬಿಟ್ಟಿದ್ದರೆ ಬೇಗ ಸಿಕ್ಕಿಬೀಳುತ್ತಿತ್ತು. ಕಿತ್ತು, ಚಪ್ಪಟೆ ಮುಖ ಆಚೆಗೆ ಮಾಡಿ ಹಾಕಿದೆ. ಮೀಸೆ ಬಂತು.

ಒಂದು ಕೊರತೆ ಉಳಿದಿದೆ. ನೀಲಿ ಆಕಾಶದಲ್ಲಿ ತೆಳ್ಳಗೆ ನೆಟ್ಟಗಿನ ಗೆರೆಗಳು, ಜೈಲಿನ ಕಂಬಿಯ ಹಾಗೆ. ಪಕ್ಕದ ಸಿಗ್ನಲ್‌ಗಳ ಗದ್ದಲ ಚಿತ್ರದ ದಾರಿಗೆ ನುಗ್ಗುವುದರಿಂದ ಬರುವುದು. 21ನೇ ಕಾಲನ್ನು ಬೋರ್ಡಿನಿಂದ ಎತ್ತಿ ಪ್ರತ್ಯೇಕ ಮಾಡಿದರೆ ಕಮ್ಮಿಯಾಗುತ್ತದೆ. ಆ ಕಾಲು ಮುರಿದರೆ ಕತೆ ಮುಗಿಯಿತು. ಮೂವತ್ತೈದು ವರ್ಷ ಉಳಿದದ್ದನ್ನು ಎರಡು ಗೆರೆಗೋಸ್ಕರ ಕೊಲ್ಲುವುದು ನನ್ನಿಂದಾಗದು. ಗೆರೆ ಇರಲಿ.

ಫೋನಿನಲ್ಲಿ ಎರಡು ನಿಮಿಷದಲ್ಲಿ ಇದೇ ಆಟ ಆಡಬಹುದು ಅಂತ ಮಗ ಹೇಳಿದ. ಆಡು ಅಂದೆ.

ಅಣ್ಣನ ನೋಟ್‌ಬುಕ್ಕು

ಎರಡನೇ ಕ್ಯಾಸೆಟ್ ಡ್ರ್ಯಾಗನ್ ಕ್ವೆಸ್ಟ್. ಎನಿಕ್ಸ್ ಕಂಪನಿ 1986ರ ಮೇ 27ಕ್ಕೆ ತಂದದ್ದು. 1995ರ ಬೇಸಿಗೆ ರಜೆ ಪೂರ್ತಿ ನಾನು, ಅಣ್ಣ ಇದರ ಮುಂದೆ ಕೂತಿದ್ದೆವು. ಆಟ ರಾಜನ ಕೋಣೆಯಲ್ಲಿ ಶುರುವಾಗುತ್ತದೆ. ಬಾಗಿಲು ಹಾಕಿದೆ. ಪೆಟ್ಟಿಗೆ ತೆರೆಯಲು, ಮಾತಾಡಲು, ಬಾಗಿಲು ತೆಗೆಯಲು, ಕೊನೆಗೆ ಮೆಟ್ಟಿಲು ಇಳಿಯಲೂ ಬೇರೆ ಬೇರೆ ಆಜ್ಞೆ ಆರಿಸಬೇಕು. ಎಂಟು ಆಜ್ಞೆ, ಎಲ್ಲ ಜಪಾನಿಯಲ್ಲಿ. ನಾವು ಆ ಕೋಣೆಯಿಂದ ಹೊರಗೆ ಬರಲು ಒಂಬತ್ತು ದಿನ ಬೇಕಾಯಿತು.

ಇದರಲ್ಲಿ ಬ್ಯಾಟರಿ ಇಲ್ಲ. ಆಟ ಉಳಿಸಲು ರಾಜ ಇಪ್ಪತ್ತು ಅಕ್ಷರದ ಮಂತ್ರ ಕೊಡುತ್ತಾನೆ, 5, 7, 5, 3ರ ಸಾಲಿನಲ್ಲಿ. ಮರುದಿನ ಅದನ್ನು ತಪ್ಪಿಲ್ಲದೆ ಹೇಳಬೇಕು. ಅಣ್ಣನಿಗೆ ಓದಲು ಬಾರದು. ರಂಗೋಲಿ ನೋಡಿ ಬಿಡಿಸುವ ಹಾಗೆ ಒಂದೊಂದೇ ಅಕ್ಷರ ನೋಟ್‌ಬುಕ್ಕಿನಲ್ಲಿ ಬಿಡಿಸಿದ್ದ. ಅದೂ ಪೆಟ್ಟಿಗೆಯಲ್ಲೇ ಸಿಕ್ಕಿತು. ಕೊನೆಯ ಮಂತ್ರದ ಪುಟಕ್ಕೆ ಬೂಷ್ಟು ಹಿಡಿದು ಚುಕ್ಕೆ ಚುಕ್ಕೆ.

ಆ ಚುಕ್ಕೆಗಳೇ ಕಷ್ಟ. ಜಪಾನಿ ಅಕ್ಷರದ ಮೇಲೆ ಎರಡು ಸಣ್ಣ ಗೀಟು ಬಿದ್ದರೆ ಕ ಹೋಗಿ ಗ ಆಗುತ್ತದೆ, ತ ಹೋಗಿ ದ. ಈಗ ಗೀಟು ಯಾವುದು, ಬೂಷ್ಟು ಯಾವುದು?

ಅಕ್ಷರಮಾಲೆ ತೆಗೆದು ನೋಡಿದೆ. ಅ ಇ ಉ ಎ ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನೋಡಿ, ನಮ್ಮದೇ ವರ್ಣಮಾಲೆಯ ಸಾಲು, ಅಲ್ವಾ? ಸಂಸ್ಕೃತದ ಅಕ್ಷರ ಕಲಿತ ಬೌದ್ಧ ಭಿಕ್ಷುಗಳ ಮೂಲಕ ಆ ಕ್ರಮ ಅಲ್ಲಿಗೆ ಹೋದದ್ದು. ಒಂದು ಸಂಜೆಯಲ್ಲಿ ಬಾಯಿಪಾಠ ಬಂತು. ಗೀಟು ಬೀಳುವುದು ಕ, ಸ, ತ, ಹ ಈ ನಾಲ್ಕು ಸಾಲಿಗೆ ಮಾತ್ರ. ಹ ಮೇಲೆ ಬಿದ್ದರೆ ಬ. ವಿಚಿತ್ರ ಅನಿಸಬಹುದು, ಆದರೆ ಜಪಾನಿಯಲ್ಲೂ ಆ ಹ ಒಂದು ಕಾಲದಲ್ಲಿ ಪ ಆಗಿತ್ತು. ನಮ್ಮ ಪಾಲು ಹಾಲಾದ ಹಾಗೆ.

ಹಾಗಾಗಿ ನ, ಮ, ಯ, ರ ಅಕ್ಷರದ ಮೇಲಿನ ಚುಕ್ಕೆಯೆಲ್ಲ ಬೂಷ್ಟು. ಉಳಿದವಕ್ಕೆ ಪುಟ ಮಗುಚಿ ಹಿಂದಿನಿಂದ ಉಗುರು ಆಡಿಸಿದೆ. ಅಣ್ಣ ಬಾಲ್‌ಪೆನ್ ಒತ್ತಿ ಬರೆಯುವವನು. ನಿಜವಾದ ಗೀಟು ಇದ್ದ ಕಡೆ ಕಾಗದ ಸಣ್ಣಗೆ ಉಬ್ಬಿರುತ್ತದೆ. ಬೂಷ್ಟು ಇದ್ದ ಕಡೆ ನಯ. ಕಣ್ಣಿಗಿಂತ ಉಗುರಿಗೆ ಚೆನ್ನಾಗಿ ತಿಳಿಯಿತು. ಕೊನೆಗೆ ನಾಲ್ಕು ಅಕ್ಷರ ಮಾತ್ರ ಉಳಿದವು. ಎಲ್ಲ ಅಣ್ಣನ ಚಿತ್ರಕಲೆಯ ಪ್ರಸಾದ. ನು ಮತ್ತು ಮೆ ಅವನ ಕೈಯಲ್ಲಿ ಒಂದೇ. ರು, ರೊ ಕೂಡ ಒಂದೇ. ನಾಲ್ಕಕ್ಕೆ ಎರಡೆರಡರಂತೆ ಹದಿನಾರು ಸಾಧ್ಯತೆ.

ಆಚಾರ್ರ ಮನೆಯ ಟಿವಿ ಮುಂದೆ ಕೂತು ಒಂದೊಂದೇ ಹಾಕಿದೆ. ತಪ್ಪಾದರೆ ಆಟ ಮುಖಕ್ಕೆ ಹೇಳುತ್ತದೆ, ಮಂತ್ರ ಸರಿಯಿಲ್ಲ ಅಂತ. ಏಳನೆಯದಕ್ಕೆ ಕರೆಂಟ್ ಹೋಯಿತು. ಬಂದ ಮೇಲೆ ಮತ್ತೆ ಶುರು. ಹನ್ನೊಂದನೆಯದಕ್ಕೆ ಪರದೆ ಕಪ್ಪಾಗಿ, ರಾಜನ ಕೋಣೆ ಬಂತು.

ಲೆವೆಲ್ 4. ಆ ಮಂತ್ರದಲ್ಲೇ ವೀರನ ಹೆಸರೂ ಅಡಗಿರುತ್ತದೆ ಅಂತ ನನಗೆ ಆಗ ಹೊಳೆಯಿತು. ಅಣ್ಣ ಏನು ಹೆಸರಿಟ್ಟಿದ್ದ ಅಂತ ನಮಗೆ ಯಾವತ್ತೂ ಗೊತ್ತಿರಲಿಲ್ಲ. ಓದಲು ಬರಬೇಕಲ್ಲ. ಮೇಲಿನ ಕಿಟಕಿಯಲ್ಲಿ ನಾಲ್ಕು ಅಕ್ಷರ. ನಾನು ಬೆರಳಿಟ್ಟು ಓದಿದೆ.

ಅ ಅ ಅ ಅ.

ಫೋಟೋ ತೆಗೆದು ಮಸ್ಕತ್‌ನಲ್ಲಿರುವ ಅಣ್ಣನಿಗೆ ಕಳಿಸಿದೆ. ಅಲ್ಲಿ ಆಫೀಸು ಹೊತ್ತು. ಆದರೂ ಕೂಡಲೇ ಉತ್ತರ ಬಂತು: ‘ಹೆಸರು ಕೇಳಿದ್ದು ಅಂತ ಯಾರಿಗೆ ಗೊತ್ತು? ನಾನು ಸುಮ್ನೆ ಎ ಬಟನ್ ಒತ್ತುತ್ತಾ ಹೋದೆ.’

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು: ‘ಎಡಗಡೆ ಮೂರನೆಯದ್ದು ಮೆಟ್ಟಿಲು. ಬಲಗಡೆ ಮೂರನೆಯದ್ದು ಬಾಗಿಲು.’